ನಮ್ಮ ಮನೆಯ ‘ಬೇಕಾಗಬಹುದು’ ಬೀರು

ನಮ್ಮ ಮನೆಯಲ್ಲಿ ‘ಇಲ್ಲ’ ಎಂಬ ಮಾತಿಗೆ ಪ್ರವೇಶವಿಲ್ಲ! ಬೇರೆಯವರ ಮನೆಯಲ್ಲಿ ಕಾಫಿಪುಡಿ ಇಲ್ಲದಿರಬಹುದು, ಸೋಪು ಇಲ್ಲದಿರಬಹುದು, ಕರೆಂಟಂತೂ ಇಡೀ ಕಾಮಗ್ವೇ ಊರಿಗೇ ಆಗಾಗ ಇರುವುದಿಲ್ಲ. ಆದರೆ ಚಾರ್ಜರು, ವಯರು, ಪ್ಲಗ್ಗು, ಅಡಾಪ್ಟರು, ಮೆಮೊರಿ ಕಾರ್ಡು, ಸಿಮ್ ತೆಗೆಯುವ ಸೂಜಿ, ಇವುಗಳಲ್ಲಿ ಯಾವುದನ್ನೇ ಕೇಳಿ, ಎವಾರಿಸ್ತೋ ಎಂಬ ಈ ಅರವತ್ತೇಳರ ಮುದುಕನ ಬಾಯಿಂದ ‘ಇಲ್ಲ’ ಹೊರಡಕೂಡದು ಎಂದು ಪ್ರತಿಜ್ಞೆ ಮಾಡಿ ಹನ್ನೊಂದು ವರ್ಷವಾಯಿತು. ಕ್ಯೂಬಾದಲ್ಲಿ ಇಂಥ ಪ್ರತಿಜ್ಞೆ ಮಾಡುವುದಕ್ಕೆ ಎದೆ ಬೇಕು. ನನಗೆ ಎದೆಯ ಜೊತೆಗೆ ಬೀರುವೂ ಇತ್ತು.

ಆ ಬೀರುವಿನ ಕಥೆ ಹೇಳುತ್ತೇನೆ. ನಾನು ಮೂವತ್ತೊಂದು ವರ್ಷ ಊರಿನ ಲೈಬ್ರರಿಯಲ್ಲಿ ಪುಸ್ತಕಗಳಿಗೆ ಚೀಟಿ ಬರೆದವನು. ನನ್ನ ನಿವೃತ್ತಿಯ ವರ್ಷವೇ ಲೈಬ್ರರಿಗೆ ಕಂಪ್ಯೂಟರು ಬಂತು, ಚೀಟಿಗಳ ಮರದ ಬೀರು ಹಿತ್ತಲಿಗೆ ಹೋಯಿತು. ಇಬ್ಬರನ್ನೂ ಒಂದೇ ಸಲ ಹೊರಹಾಕಿದ್ದರಿಂದ ನಮ್ಮಿಬ್ಬರಿಗೂ ಒಂದು ಬಗೆಯ ಸ್ನೇಹ ಬೆಳೆಯಿತು. ಕೈಗಾಡಿಯಲ್ಲಿ ಹೇರಿಕೊಂಡು ಮನೆಗೆ ತಂದೆ. ಇಪ್ಪತ್ತನಾಲ್ಕು ಡ್ರಾಯರು, ಹಿತ್ತಾಳೆಯ ಹಿಡಿ, ಒಂದೊಂದಕ್ಕೂ ಚೀಟಿ ಸಿಕ್ಕಿಸುವ ಚೌಕಟ್ಟು. ಅದರಲ್ಲಿ ತುಂಬಿಸಲು ಏನಿದೆ ಎಂದು ಮನೆಯೆಲ್ಲ ಹುಡುಕಿದಾಗ ಸತ್ತ ಮೂರು ಫೋನುಗಳ ಚಾರ್ಜರುಗಳು ಸಿಕ್ಕವು. ಸಾಮ್ರಾಜ್ಯ ಶುರುವಾದದ್ದು ಹಾಗೆ.

ಬೀರು ಇಡಲು ಜಾಗ ಬೇಕಿತ್ತು. ಮೂಲೆಯಲ್ಲಿ ನನ್ನ ಹೆಂಡತಿ ಒನೇಲಿಯಾಳ ಹೊಲಿಗೆ ಯಂತ್ರದ ಹಳೆಯ ಕಬ್ಬಿಣದ ಸ್ಟ್ಯಾಂಡು ನಿಂತಿತ್ತು, ಕಾಲಲ್ಲಿ ತುಳಿಯುವಂಥದ್ದು, ಅವಳ ಅಜ್ಜಿಯ ಕಾಲದ್ದು. ಯಂತ್ರಕ್ಕೆ ಮೋಟಾರು ಕೂರಿಸಿ, ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ಎಷ್ಟೋ ವರ್ಷವಾಗಿತ್ತು. ‘ಇನ್ನು ಈ ಕಾಲದಲ್ಲಿ ಯಾರು ತುಳೀತಾರೆ’ ಎಂದು ಸ್ಟ್ಯಾಂಡನ್ನು ಹಳೆ ಕಬ್ಬಿಣದವನಿಗೆ ಕೊಟ್ಟುಬಿಟ್ಟೆ. ಒನೇಲಿಯಾ ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದಾಗ ಎಲ್ಲೋ ಬರೆದಿಟ್ಟುಕೊಳ್ಳುತ್ತಾಳೆ ಎಂಬುದು ನಲವತ್ತು ವರ್ಷ ಸಂಸಾರ ಮಾಡಿದ ಮೇಲೂ ನನಗೆ ಹೊಳೆದಿರಲಿಲ್ಲ.

ಮುಂದಿನ ಹನ್ನೊಂದು ವರ್ಷ ನಾನು ಕೂಡಿಸಿದ್ದೇ ಕೂಡಿಸಿದ್ದು. ಅಕ್ಕಪಕ್ಕದವರು ಎಸೆಯುವ ಮುಂಚೆ ನನ್ನ ಮುಖ ನೆನಪಿಸಿಕೊಳ್ಳುತ್ತಿದ್ದರು. ಪ್ರತಿಯೊಂದು ವಯರಿಗೂ ನಾನೊಂದು ಚೀಟಿ ಬರೆದೆ: ಡ್ರಾಯರಿನ ಸಂಖ್ಯೆ, ವಸ್ತುವಿನ ಸಂಖ್ಯೆ, ಉದ್ದ, ಮೂತಿ ಯಾವ ಬಗೆಯದು, ಆರೋಗ್ಯ ಹೇಗಿದೆ, ಯಾವ ಎಚ್ಚರಿಕೆ ಬೇಕು. ಎಲ್ಲ ಚೀಟಿಯ ಕೊನೆಯಲ್ಲೂ ಒಂದೇ ಪದ: ‘ಬೇಕಾಗಬಹುದು’. ಚಾರ್ಜರ್ ಸುಟ್ಟವರು, ವಯರನ್ನು ನಾಯಿ ಕಚ್ಚಿದವರು ನಮ್ಮ ಮನೆ ಬಾಗಿಲು ತಟ್ಟಿದರೆ ನಾನು ಕನ್ನಡಕ ಏರಿಸಿ, ಚೀಟಿ ತೆಗೆದು, ಹೆಸರು ಬರೆದುಕೊಂಡು, ಹದಿನೈದು ದಿನದ ಗಡುವು ಹೇಳಿ ಎರವಲು ಕೊಡುತ್ತಿದ್ದೆ. ಬೀದಿಯಲ್ಲಿ ನನ್ನ ಹೆಸರೇ ‘ಲೈಬ್ರರಿ ಮಾಮ’ ಎಂದಾಯಿತು. ನಾನು ಬೇಡ ಅನ್ನಲಿಲ್ಲ.

ಒನೇಲಿಯಾಳ ಅಭಿಪ್ರಾಯ ಮಾತ್ರ ಬೇರೆ ಇತ್ತು.

“ನೋಡು ಮುದುಕಪ್ಪ,” ಎಂದಳು ಒಂದು ಸೋಮವಾರ ಬೆಳಿಗ್ಗೆ ಕಾಫಿ ಬಗ್ಗಿಸುತ್ತಾ. “ಈ ಬೀರು ಬಂದು ಹನ್ನೊಂದು ವರ್ಷ ಆಯ್ತು. ಬೀದಿಯೋರಿಗೆಲ್ಲ ಕೆಲಸಕ್ಕೆ ಬಂದಿದೆ. ನನಗೆ ಒಂದು ಸಲನಾದ್ರೂ ಬಂದಿದ್ಯಾ?”

“ಬರ್ತದೆ. ಕಾಲ ಕೂಡಿ ಬರ್ಬೇಕು.”

“ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಿನ್ನಂಥೋರನ್ನ ನೋಡೇ ಹೇಳಿರೋದು. ನಂಗೆ ಬಟ್ಟೆ ಕತ್ತರಿಸೋಕೆ ಜಾಗ ಇಲ್ಲ, ಮಂಚದ ಮೇಲೆ ಕತ್ತರಿಸ್ತಾ ಇದೀನಿ. ಶನಿವಾರ ಯಾನೇಲಿಸ್‌ದು ಹದಿನೈದರ ಹಬ್ಬ. ಅಷ್ಟರೊಳಗೆ ನಿನ್ನ ಬೀರು ನನ್ನ ಕೆಲಸಕ್ಕೆ ಒಂದೇ ಒಂದು ಸಲ ಬರ್ಲಿ, ಇಟ್ಕೋ. ಬರ್ಲಿಲ್ವಾ, ಭಾನುವಾರ ಅದು ಬಾಗಿಲಾಚೆ.”

“ನಾನು?”

“ನಿನ್ನ ವಿಷಯ ಸೋಮವಾರ ನೋಡೋಣ.”

ಯಾನೇಲಿಸ್ ಪಕ್ಕದ ಮನೆಯ ಇದಾಲ್ಮಿಸಳ ಒಬ್ಬಳೇ ಮಗಳು. ಹುಡುಗಿಗೆ ಹದಿನೈದು ತುಂಬುವುದೆಂದರೆ ನಮ್ಮಲ್ಲಿ ಮದುವೆಗಿಂತ ಒಂದು ಗುಲಗಂಜಿ ಹೆಚ್ಚು. ಮದುವೆ ಎರಡನೆಯ ಸಲವೂ ಆಗಬಹುದು, ಹದಿನೈದು ಆಗುವುದಿಲ್ಲ. ಇದಾಲ್ಮಿಸ್ ಎರಡು ವರ್ಷದಿಂದ ಮೀಟರು ಮೀಟರಾಗಿ ಆ ನೇರಳೆ ಬಣ್ಣದ ಬಟ್ಟೆ ಕೂಡಿಸಿದ್ದಳು. ಒಂದು ತುಂಡು ಹವಾನಾದಿಂದ, ಒಂದು ತುಂಡು ಯಾರದೋ ಪರದೆಯಿಂದ. ಎಲ್ಲವನ್ನೂ ಒಂದೇ ಬಣ್ಣಕ್ಕೆ ಅದ್ದಿ ಒಣಗಿಸಿ, ಒನೇಲಿಯಾಳ ಮಡಿಲಿಗೆ ಹಾಕಿ, “ಅಕ್ಕ, ಇದನ್ನ ಬಿಟ್ರೆ ನನ್ನ ಹತ್ರ ಬೇರೆ ಬಟ್ಟೆ ಇಲ್ಲ” ಅಂದಿದ್ದಳು. ಒನೇಲಿಯಾ ಒಂಬತ್ತು ಸುತ್ತು ಝಾಲರಿಯ ಗೌನು ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಳು. ಅವಳು ಮಾತು ತಪ್ಪಿದ್ದನ್ನು ನಾನು ಕಂಡಿಲ್ಲ. ಅದೇ ನನ್ನ ಜೀವನದ ಕಷ್ಟ.

ಬುಧವಾರದ ಹೊತ್ತಿಗೆ ಝಾಲರಿ ಇನ್ನೂ ಐದು ಸುತ್ತು ಬಾಕಿ ಇತ್ತು.

“ಈ ಮೂಲೇಲಿ ಕಣ್ಣೇ ಕಾಣಲ್ಲ,” ಎಂದು ಗೊಣಗಿದಳು ಒನೇಲಿಯಾ. “ಕಿಟಕಿ ಹತ್ರ ಕೂತ್ರೆ ಬೆಳಕಿದೆ, ಆದ್ರೆ ವಯರು ಸಾಕೆಟ್‌ಗೆ ಎಟುಕಲ್ಲ. ನಿನ್ನ ಉದ್ದದ ವಯರು ಕೊಡು.”

ಆರು ಮೀಟರಿನ ಉದ್ದನೆಯ ವಯರು ನನ್ನ ಬೀರುವಿನ ಕಿರೀಟ. ಡ್ರಾಯರು ಎಳೆದೆ. ಖಾಲಿ. ಚೀಟಿಯಲ್ಲಿ ನನ್ನದೇ ಅಕ್ಷರ: ‘ಎರವಲು: ಮೂಲೆಮನೆ ರಿಗೋ. ಮಾರ್ಚ್‌ನಲ್ಲಿ.’ ಇದು ನವೆಂಬರು.

“ಇಲ್ವಾ?” ಎಂದಳು.

ಆ ಪದ! ನನ್ನ ಮನೆಯಲ್ಲಿ, ನನ್ನ ಬೀರುವಿನ ಎದುರು! “ಇದೆ,” ಎಂದೆ. “ಬೇರೆ ಉಪಾಯ ಇದೆ. ನೀನು ಹೋಗಿ ಬಾ.”

ಅವಳು ಗೌನಿಗೆ ಹೊಂದುವ ಗುಂಡಿ ಹುಡುಕಲು ಹೊರಟಿದ್ದಳು, ವಾಪಸು ಬರುವಾಗ ಅಳತೆ ನೋಡಲು ತಾಯಿ ಮಗಳನ್ನು ಕರೆತರುವವಳಿದ್ದಳು. ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು. “ಎವಾರಿಸ್ತೋ, ಯಂತ್ರ ಮುಟ್ಬೇಡ.”

“ಮುಟ್ಟಲ್ಲ. ಬರೀ ಜಾಗ ಬದಲಾಯಿಸ್ತೀನಿ.”

ಅವಳು ಹೋದ ಮೇಲೆ ಯಂತ್ರವನ್ನು ಮೇಜಿನ ಸಮೇತ ಕಿಟಕಿಯ ಕೆಳಗೆ ಎಳೆದೆ. ಪರದೆ ಸರಿಸಿದರೆ ಅಲ್ಲಿ ಒಂದು ಸಾಕೆಟ್ಟು ನಗುತ್ತಾ ಕೂತಿತ್ತು. ನಮ್ಮ ಮನೆಯಲ್ಲಿ ಎರಡು ಬಗೆಯ ಸಾಕೆಟ್ಟುಗಳಿವೆ. ನೂರಹತ್ತು ವೋಲ್ಟಿನದಕ್ಕೆ ಚಪ್ಪಟೆ ಕಿಂಡಿ, ಇನ್ನೂರಿಪ್ಪತ್ತರದಕ್ಕೆ ದುಂಡು ಕಿಂಡಿ. ಸಣ್ಣ ಮಗು ಕೂಡ ಒಂದನ್ನು ತಂದು ಇನ್ನೊಂದಕ್ಕೆ ತುರುಕಬಾರದು ಎಂದೇ ಆ ಏರ್ಪಾಡು. ಆದರೆ ಸಣ್ಣ ಮಗುವಿನ ಹತ್ತಿರ ಅಡಾಪ್ಟರು ಇರುವುದಿಲ್ಲ.

ನನ್ನ ಹತ್ತಿರ ಹತ್ತೊಂಬತ್ತು ಇದ್ದವು.

ನಾಲ್ಕನೆಯ ಡ್ರಾಯರಿನಿಂದ ಹದಿನೇಳನೆಯ ಸಂಖ್ಯೆಯದನ್ನು ಆರಿಸಿದೆ. ಮುಂದೆ ಚಪ್ಪಟೆ, ಹಿಂದೆ ದುಂಡು, ಬೆಳ್ಳಗೆ, ಮುದ್ದಾಗಿತ್ತು. ಚೀಟಿಯನ್ನು ಪಕ್ಕಕ್ಕಿಟ್ಟೆ. ಬರೆದವನೇ ನಾನು, ಓದುವುದೇನಿದೆ? ಯಂತ್ರದ ಪ್ಲಗ್ಗು ಅಡಾಪ್ಟರಿಗೆ ಸೇರಿತು, ಅಡಾಪ್ಟರು ಗೋಡೆಗೆ ಸೇರಿತು. ಎರಡು ನಾಡುಗಳ ನಡುವೆ ಸಂಧಾನ ಮಾಡಿಸಿದ ರಾಯಭಾರಿಯ ಹಾಗೆ ಕೈ ಒರೆಸಿಕೊಂಡೆ. ಒಂದು ಹಳೆ ಚಿಂದಿಯನ್ನು ಸೂಜಿಯ ಕೆಳಗಿಟ್ಟು ಪೆಡಲು ಒತ್ತಿದೆ.

ಅಬ್ಬಾ, ಏನು ಓಟ! ಎಪ್ಪತ್ತು ವರ್ಷದ ಯಂತ್ರ ಹದಿನೈದರ ಹುಡುಗಿಯ ಹಾಗೆ ಕುಣಿಯಿತು. ಒನೇಲಿಯಾ ಒಂದು ಗಂಟೆ ಹೊಲಿಯುವುದನ್ನು ಇದು ಹತ್ತು ನಿಮಿಷಕ್ಕೆ ಮುಗಿಸುತ್ತದಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಯಾರೋ ಅಡುಗೆಮನೆಯಲ್ಲಿ ಕಾಫಿ ಹೊತ್ತಿಸಿದ ವಾಸನೆ ಬಂತು. ಮನೆಯಲ್ಲಿ ನಾನೊಬ್ಬನೇ ಇದ್ದೆ, ಒಲೆ ಆರಿತ್ತು. ತಿರುಗಿ ನೋಡಿದರೆ ಮೋಟಾರಿನಿಂದ ತೆಳ್ಳಗೆ ನೀಲಿ ಹೊಗೆ ಏಳುತ್ತಿತ್ತು. ಯಂತ್ರ ಒಮ್ಮೆ ಬಿಕ್ಕಳಿಸಿ ನಿಂತುಹೋಯಿತು.

ಪ್ಲಗ್ಗು ಕಿತ್ತು, ಬೆವರು ಒರೆಸಿಕೊಂಡು, ಆಗ ಚೀಟಿ ಓದಿದೆ. ನನ್ನದೇ ದುಂಡು ಅಕ್ಷರ: ‘4/17. ಚಪ್ಪಟೆಯಿಂದ ದುಂಡಿಗೆ. ಕಾಲಿನ ಆಕಾರ ಮಾತ್ರ ಬದಲಾಗುತ್ತದೆ, ಕರೆಂಟು ಬದಲಾಗುವುದಿಲ್ಲ. 110ರ ಯಂತ್ರವನ್ನು 220ಕ್ಕೆ ಸಿಕ್ಕಿಸುವ ದಡ್ಡ ಯಾವನಾದರೂ ಇದ್ದರೆ ಇದನ್ನು ಮೊದಲು ಓದಲಿ. ಬೇಕಾಗಬಹುದು.’

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಅದಕ್ಕೆ ನಾನೇ ಚೀಟಿ ಬರೆದು ಇಟ್ಟುಕೊಂಡಿದ್ದೆ. ಆ ದಡ್ಡ ಯಾರಿರಬಹುದು ಎಂದು ಬರೆಯುವಾಗ ನಾನು ಊಹಿಸಿದ್ದು ರಿಗೋನನ್ನು.

ಮೋಟಾರು ಬಿಚ್ಚಿ, ಅಂಗಿಯೊಳಗೆ ಮುಚ್ಚಿಕೊಂಡು, ಅದೇ ರಿಗೋನ ಮನೆಗೆ ಓಡಿದೆ. ಅವನು ಬೀದಿಯ ಮೋಟಾರು ವೈದ್ಯ. ಕೈಗೆ ತೆಗೆದುಕೊಂಡು ಮೂಸಿ ನೋಡಿ ಮೇಜಿನ ಮೇಲೆ ಮೆಲ್ಲಗೆ ಇಟ್ಟ.

“ಏನಾಗಿದೆ?” ಎಂದೆ.

“ಏನಾಗಿದೆ ಅಂತ ನಿಮ್ಗೆ ಗೊತ್ತು. ಇದಕ್ಕೊಂದು ಮೊಂಬತ್ತಿ ಹಚ್ಚಿ.”

“ತಂತಿ ಸುತ್ತಿ ಕೊಡಲ್ವಾ?”

“ಸುತ್ತೋಕೆ ತಾಮ್ರದ ತಂತಿ ಬೇಕು. ತಂತಿ ಬರೋದು ಯಾವಾಗ್ಲೋ. ಬಂದ್ಮೇಲೆ ಹದಿನೈದು ದಿನ.” ತಲೆ ಕೆರೆದುಕೊಂಡ. “ನಿಮ್ಮ ಬೀರುನಲ್ಲಿ ಬಿಡಿ ಮೋಟಾರು ಇಲ್ವಾ ಮಾಮ? ನೀವು ‘ಇಲ್ಲ’ ಅನ್ನಲ್ವಲ್ಲ?”

ನನ್ನ ಉದ್ದದ ವಯರನ್ನು ಕಿತ್ತುಕೊಂಡು ಬಂದೆ. ಎಂಟು ತಿಂಗಳ ಮೇಲೆ ವಾಪಸು ಬಂದ ಆ ವಯರನ್ನು ಹಿಡಿದು ಬೀದಿಯಲ್ಲಿ ನಡೆಯುವಾಗ ಕಣ್ಣಲ್ಲಿ ನೀರು ಬಂತು. ಒಂದೇ ಒಂದು ಗಂಟೆ ಮೊದಲು ಇದನ್ನು ಕೇಳಿ ತಂದಿದ್ದರೆ! ಆ ಹುಡುಗಿಯ ಬಟ್ಟೆ, ಇದಾಲ್ಮಿಸಳ ಎರಡು ವರ್ಷ, ನನ್ನ ಹೆಂಡತಿಯ ಮಾತು, ಮೂರನ್ನೂ ಒಂದು ಬೆರಳುದ್ದದ ಬಿಳಿ ಅಡಾಪ್ಟರಿನಲ್ಲಿ ಸುಟ್ಟುಹಾಕಿದ್ದೆ. ನಾಚಿಕೆಯಾಯಿತು. ಆದರೆ ನಾಚಿಕೆಯಾದ ಗಂಡಸು ಸುಮ್ಮನೆ ಕೂರುವುದಿಲ್ಲ, ಇನ್ನೊಂದು ತಪ್ಪಿಗೆ ಸಿದ್ಧತೆ ಮಾಡುತ್ತಾನೆ.

ನಮ್ಮಲ್ಲೊಂದು ಹಳೆಯ ಮೇಜಿನ ಫ್ಯಾನಿತ್ತು, ರೆಕ್ಕೆ ಮುರಿದದ್ದು. ಅದರ ಮೋಟಾರು ನೂರಹತ್ತರದ್ದು. ಈ ಸಲ ಮೂರು ಸಲ ಓದಿ ನೋಡಿದೆ. ಹೊಲಿಗೆ ಯಂತ್ರವನ್ನು ಮತ್ತೆ ಮೂಲೆಗೆ ಎಳೆದು, ಫ್ಯಾನಿನ ಮೋಟಾರನ್ನು ಪಕ್ಕಕ್ಕೆ ಬಿಗಿದು, ಯಂತ್ರದ ಪಟ್ಟಿಯನ್ನು ಅದಕ್ಕೆ ಸುತ್ತಿದೆ. ಪಕ್ಕದಲ್ಲಿ ರಾಶಿ ಬಿದ್ದಿದ್ದ ನೇರಳೆ ಬಟ್ಟೆಯಲ್ಲಿ ಕೈಗೆ ಸಿಕ್ಕ ಒಂದು ಚೂರನ್ನು ಪರೀಕ್ಷೆಗೆಂದು ಸೂಜಿಯ ಕೆಳಗಿಟ್ಟೆ. ಅದು ಚೂರಲ್ಲ, ಗೌನಿನ ನಾಲ್ಕನೆಯ ಝಾಲರಿಯ ತುದಿ ಎಂಬುದು ಆಮೇಲೆ ತಿಳಿದದ್ದು. ಫ್ಯಾನಿನ ವಯರು ಗಿಡ್ಡ, ಅದಕ್ಕೆ ನನ್ನ ಉದ್ದದ ವಯರು ಸೇರಿಸಿ ಸಾಕೆಟ್ಟಿಗೆ ಪ್ಲಗ್ಗು ಹಾಕಿದೆ.

ಫ್ಯಾನಿನ ಮೋಟಾರಿಗೆ ಪೆಡಲು ಇಲ್ಲ. ಮೆಲ್ಲಗೆ ಎನ್ನುವುದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಗಾಳಿ ಬೀಸುವುದೊಂದೇ. ಸೂಜಿ ಕಣ್ಣಿಗೆ ಕಾಣದಷ್ಟು ಜೋರಾಗಿ ಮೇಲೆ ಕೆಳಗೆ ಹೊಡೆಯತೊಡಗಿತು. ಬಟ್ಟೆ ಓಡಿತು, ಬಟ್ಟೆ ಹಿಡಿದಿದ್ದ ಕೈ ಓಡಿತು, ಕೈಗೆ ತೊಟ್ಟಿದ್ದ ಅಂಗಿಯ ತೋಳು ಓಡಿತು. ಅದು ನಾನು ನಿವೃತ್ತಿಯ ದಿನ ಹಾಕಿಕೊಂಡಿದ್ದ ಉದ್ದ ತೋಳಿನ ಬಿಳಿ ಗುವಾಯಬೇರಾ ಅಂಗಿ. ಹೆಂಡತಿಗೆ ಅಚ್ಚರಿ ಕೊಡುವ ದಿನ ಎಂದು ಅವಳು ಹೊರಟ ಕೂಡಲೇ ಪೆಟ್ಟಿಗೆಯಿಂದ ತೆಗೆದು ಹಾಕಿಕೊಂಡಿದ್ದೆ. ಮಣಿಕಟ್ಟಿನ ಪಟ್ಟಿ ಹೊಲಿದುಹೋಯಿತು. ತೋಳು ಗೇಣು ಗೇಣಾಗಿ ಹೊಲಿಸಿಕೊಳ್ಳುತ್ತಾ ಬಂತು. ಕೈಯನ್ನು ತೋಳಿನೊಳಗೇ ಹಿಂದಕ್ಕೆ ಎಳೆದುಕೊಂಡೆ. ಪ್ಲಗ್ಗು ಮೂರು ಹೆಜ್ಜೆ ಆಚೆ ಇತ್ತು, ಆರು ಮೀಟರಿನ ನನ್ನ ಹೆಮ್ಮೆಯ ವಯರಿನ ತುದಿಯಲ್ಲಿ.

ಇನ್ನೇನು ಮೊಣಕೈ ತನಕ ಹುಡುಗಿಯ ಗೌನಿಗೆ ಸೇರಿಹೋಗುತ್ತೇನೆ ಎನ್ನುವಾಗ, ಇಡೀ ಬೀದಿ ಒಮ್ಮೆಗೇ ಮೌನವಾಯಿತು. ರೇಡಿಯೋಗಳು ನಿಂತವು, ಯಂತ್ರ ನಿಂತಿತು. ಕರೆಂಟು ಹೋಗಿತ್ತು. ಜನ್ಮದಲ್ಲಿ ಮೊದಲ ಸಲ ಕರೆಂಟು ಹೋದದ್ದಕ್ಕೆ ದೇವರಿಗೆ ಕೈ ಮುಗಿದೆ. ಒಂದೇ ಕೈ, ಇನ್ನೊಂದರ ತೋಳು ಹೊಲಿದುಹೋಗಿತ್ತು.

ಅದೇ ಗಳಿಗೆಯಲ್ಲಿ ಬಾಗಿಲು ತೆರೆಯಿತು. ಮುಂದೆ ಒನೇಲಿಯಾ, ಹಿಂದೆ ಇದಾಲ್ಮಿಸ್, ಅವಳ ಹಿಂದೆ ಯಾನೇಲಿಸ್.

ನಾನು ಗೌನಿನ ಪಕ್ಕ ಮೊಣಕಾಲೂರಿ, ಒಂದು ಕೈಯಿಂದ ಅದನ್ನು ತಬ್ಬಿಕೊಂಡ ಹಾಗಿದ್ದೆ.

“ಲೈಬ್ರರಿ ಮಾಮ ನನ್ನ ಡ್ರೆಸ್ ಹಾಕ್ಕೋತಾ ಇದಾರಾ?” ಎಂದಳು ಯಾನೇಲಿಸ್.

“ಇಲ್ಲ ಕಂದ,” ಎಂದಳು ಒನೇಲಿಯಾ. “ಡ್ರೆಸ್ಸೇ ಮಾಮನ್ನ ಹಾಕ್ಕೋತಾ ಇದೆ.”

ಹುಡುಗಿ ಫೋನು ತೆಗೆದು ಫೋಟೋ ಹೊಡೆದಳು. ಆ ಫೋನಿಗೆ ಚಾರ್ಜರು ಕೊಟ್ಟವನೂ ನಾನೇ. ಆದರೆ ಇದಾಲ್ಮಿಸ್ ನಗಲಿಲ್ಲ. ಅವಳು ಬಂದು ನೆಲಕ್ಕೆ ಕೂತು, ಝಾಲರಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಸೂಜಿ ತೂತು ಮಾಡಿದ ಕಡೆಯನ್ನೆಲ್ಲ ಸವರಿ ನೋಡಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. “ಹೋಗ್ಲಿ ಬಿಡಿ,” ಎಂದಳು ಕಡೆಗೆ. ಆ ‘ಹೋಗ್ಲಿ ಬಿಡಿ’ಯನ್ನು ತಡೆದುಕೊಳ್ಳಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಒದರಿಬಿಟ್ಟೆ: ಅಡಾಪ್ಟರು, ಹೊಗೆ, ಮೊಂಬತ್ತಿ, ಫ್ಯಾನು, ಎಲ್ಲ.

ಒನೇಲಿಯಾ ಕನ್ನಡಕ ಹಾಕಿಕೊಂಡು ಪುಟ್ಟ ಕತ್ತರಿಯಿಂದ ನನ್ನನ್ನು ಬಿಚ್ಚಲು ಕೂತಳು. ಹೊಲಿಗೆ ಒಂದೊಂದಾಗಿ ಬಿಚ್ಚುತ್ತಾ, ತಲೆ ಎತ್ತದೆ ಕೇಳಿದಳು:

“ನಮ್ಮಜ್ಜಿ ಸ್ಟ್ಯಾಂಡ್ ಎಲ್ಲಿ?”

ಹನ್ನೊಂದು ವರ್ಷದ ಹಿಂದೆ ಬರೆದಿಟ್ಟುಕೊಂಡದ್ದನ್ನು ಈಗ ತೆಗೆದಳು ನೋಡಿ.

“ಕೊಟ್ಬಿಟ್ಟೆ,” ಎಂದೆ.

“ಅದಿದ್ದಿದ್ರೆ ಈಗ ಕಾಲಲ್ಲಿ ತುಳಿದು ಹೊಲೀತಿದ್ದೆ. ಮೋಟಾರೂ ಬೇಡ, ಕರೆಂಟೂ ಬೇಡ. ಮೂರು ನೂರು ವಯರು ಕೂಡಿಟ್ಟೋನು, ಇದ್ದ ಒಂದು ಬಿಡಿ ಸಾಮಾನನ್ನ ಎಸೆದೆ.”

“ಡ್ರಾಯರ್‌ನಲ್ಲಿ ಹಿಡೀತಿರ್ಲಿಲ್ಲ,” ಎಂದೆ ಸಣ್ಣ ದನಿಯಲ್ಲಿ.

ಇದಾಲ್ಮಿಸಳಿಗೆ ಆಗ ನಗು ಬಂತು. ಅತ್ತಂತೆಯೂ ಇತ್ತು, ನಕ್ಕಂತೆಯೂ ಇತ್ತು. ಒನೇಲಿಯಾ ಕೊನೆಯ ಹೊಲಿಗೆ ಬಿಚ್ಚಿ, ನನ್ನ ಕೈಯನ್ನು ನನಗೆ ವಾಪಸು ಕೊಟ್ಟಳು. ಆಮೇಲೆ ಆ ಕೈಯನ್ನು ಅತ್ತಿತ್ತ ತಿರುಗಿಸಿ, ಸಂತೆಯಲ್ಲಿ ಮರಗೆಣಸು ನೋಡುವ ಹಾಗೆ ನೋಡಿದಳು. ಯಂತ್ರದ ಬಲಗಡೆ ಒಂದು ಕಬ್ಬಿಣದ ಚಕ್ರವಿದೆ, ಸೂಜಿ ಎತ್ತಿ ಇಳಿಸಲು ಕೈಯಿಂದ ತಿರುಗಿಸುವಂಥದ್ದು. ನನ್ನ ಅಂಗೈಯನ್ನು ಅದರ ಮೇಲೆ ಇಟ್ಟಳು.

“ತಿರುಗ್ಸು.”

ತಿರುಗಿಸಿದೆ. ಸೂಜಿ ಒಮ್ಮೆ ಇಳಿದು ಎದ್ದಿತು.

“ಇನ್ನೊಂದ್ಸಲ.”

ಇನ್ನೊಂದು ಹೊಲಿಗೆ ಬಿತ್ತು.

“ಇದಾಲ್ಮಿಸ್, ಶನಿವಾರಕ್ಕೆ ಗೌನು ಸಿಗ್ತದೆ,” ಎಂದಳು ನನ್ನ ಹೆಂಡತಿ. “ಮೋಟಾರು ಸಿಕ್ತು.”

ಐದು ಸುತ್ತು ಝಾಲರಿಯಲ್ಲಿ ಎಷ್ಟು ಹೊಲಿಗೆ ಇರುತ್ತವೆ ಎಂದು ನೀವು ಎಣಿಸಿರಲಾರಿರಿ. ನಾನು ಎಣಿಸಿದ್ದೇನೆ. ನಾಲ್ಕು ಸಾವಿರ ದಾಟಿದ ಮೇಲೆ ಎಣಿಸಬೇಡ ಎಂದು ಅವಳು ಬೈದಳು. ಯಂತ್ರ ಮತ್ತೆ ಕಿಟಕಿಯ ಕೆಳಗೆ ಬಂತು. ಈಗ ಯಾವ ಸಾಕೆಟ್ಟಿನ ಹಂಗೂ ಇರಲಿಲ್ಲ. ಅವಳು ಎದುರು ಕೂತು ಬಟ್ಟೆ ನಡೆಸುತ್ತಿದ್ದಳು, ನಾನು ಪಕ್ಕದಲ್ಲಿ ಸ್ಟೂಲು ಹಾಕಿ ಕೂತು ಚಕ್ರ ತಿರುಗಿಸುತ್ತಿದ್ದೆ.

“ಮೆಲ್ಲಗೆ.”

ಮೆಲ್ಲಗೆ ತಿರುಗಿಸಿದೆ.

“ಜೋರಾಗಿ.”

“ನಿನ್ನೆ ರಿಗೋ ಏನ್ ಹೇಳ್ದ ಗೊತ್ತಾ...”

“ಮೋಟಾರು ಮಾತಾಡಲ್ಲ.”

“ಹಳೇ ಮೋಟಾರು ಗುಂಯ್ ಅಂತಿತ್ತಲ್ಲ?”

“ಹಂಗಾದ್ರೆ ಗುಂಯ್ ಅನ್ನು.”

ಗುರುವಾರ ಬೆಳಿಗ್ಗೆ ಕರೆಂಟು ಹೋಯಿತು, ಮಧ್ಯಾಹ್ನ ಬಂತು, ನಾವು ಗಮನಿಸಲಿಲ್ಲ. ಶುಕ್ರವಾರ ಹಗಲಿಡೀ ಬರಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಒನೇಲಿಯಾ ಒಮ್ಮೆ ಹೊಲಿಯುವುದನ್ನು ನಿಲ್ಲಿಸಿ ಕಿಟಕಿಯಾಚೆ ನೋಡಿದಳು. “ಆ ಮೋಟಾರು ಚೆನ್ನಾಗಿದ್ದಿದ್ರೂ ಇವತ್ತು ಸುಮ್ನೆ ಕೂತಿರ್ತಿತ್ತು,” ಎಂದಳು. ನಾನು ಗೆದ್ದೆನೆಂದು ಬಾಯಿ ತೆರೆದೆ. “ಗುಂಯ್ ಅನ್ನು,” ಎಂದಳು.

ವಯರು ಕೇಳಲು ಬಂದವರು ಬಾಗಿಲಲ್ಲೇ ನಿಂತು ನನ್ನನ್ನು ನೋಡುತ್ತಿದ್ದರು. ಯಾನೇಲಿಸ್ ತೆಗೆದ ಫೋಟೋ ಎಲ್ಲರ ಫೋನಿನಲ್ಲೂ ಇತ್ತು, ನಾನು ಎರವಲು ಕೊಟ್ಟ ಚಾರ್ಜರುಗಳಲ್ಲಿ ಹೊಟ್ಟೆ ತುಂಬಿಸಿಕೊಂಡ ಫೋನುಗಳಲ್ಲಿ. ಮಾಡಿದ್ದುಣ್ಣೋ ಮಹಾರಾಯ. ಸಂಜೆ ಕೈ ಎತ್ತಲಾಗದಿದ್ದಾಗ ಅವಳೇ ಕಪ್ಪು ಕಾಳಿನ ಅನ್ನವನ್ನು ಚಮಚದಲ್ಲಿ ತಿನ್ನಿಸಿದಳು. ನಲವತ್ತು ವರ್ಷದಲ್ಲಿ ಅದು ಎರಡನೆಯ ಸಲ. ಮೊದಲನೆಯದು ಮದುವೆಯ ದಿನ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು, ಆದರೂ ಆ ಎರಡು ದಿನ ನಾನು ಸುಖವಾಗಿಯೇ ಇದ್ದೆ ಅನ್ನಿಸುತ್ತದೆ. ಇದನ್ನು ಅವಳಿಗೆ ಹೇಳಿಲ್ಲ. ಹೇಳಿದರೆ ಇನ್ನೊಂದು ಗೌನು ಒಪ್ಪಿಕೊಂಡಾಳು.

ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಒಂಬತ್ತನೆಯ ಸುತ್ತು ಮುಗಿಯಿತು. ನಾಲ್ಕನೆಯ ಸುತ್ತಿನಲ್ಲಿ ನನ್ನ ಸೂಜಿ ಮಾಡಿದ ತೂತುಗಳ ಮೇಲೆ ಒನೇಲಿಯಾ ಒಂದು ಸಾಲು ಬಿಳಿ ಹೂ ಕೂರಿಸಿದ್ದಳು. ಬಟ್ಟೆ ಯಾವುದು ಎಂದು ನೋಡಿದರೆ, ನನ್ನ ಗುವಾಯಬೇರಾದ ತೋಳು.

ಐದು ಗಂಟೆಗೆ ಇದಾಲ್ಮಿಸಳ ಅಂಗಳದಲ್ಲಿ ಹಬ್ಬ. ಯಾನೇಲಿಸ್ ಬಾಗಿಲಿಂದ ಹೊರಬಂದಾಗ ಅಂಗಳವೆಲ್ಲ ಚಪ್ಪಾಳೆ ತಟ್ಟಿತು. ಇದಾಲ್ಮಿಸ್ ಓಡಿ ಬಂದು ಒನೇಲಿಯಾಳನ್ನು ತಬ್ಬಿಕೊಂಡಳು, ಆಮೇಲೆ, ಸ್ವಲ್ಪ ಯೋಚಿಸಿ, ನನ್ನನ್ನೂ ತಬ್ಬಿಕೊಂಡಳು. ಹದಿನಾಲ್ಕು ಜೋಡಿ ಹುಡುಗ ಹುಡುಗಿಯರು ಸಾಲಾಗಿ ನಿಂತರು. ಹುಡುಗಿ ನಡುವೆ ಬಂದು ನಿಂತಳು. ಸಂಗೀತಕ್ಕೆ ಕಾದರು. ಸಂಗೀತ ಬರಲಿಲ್ಲ.

ಫೋನಿನಿಂದ ಸ್ಪೀಕರಿಗೆ ಹೋಗುವ ಸಣ್ಣ ವಯರು ತುಂಡಾಗಿತ್ತು. ಎರಡೂ ಕಡೆ ಒಂದೇ ಮೂತಿ ಇರುವ, ಗೇಣುದ್ದದ, ಕಪ್ಪು ವಯರು. ಯಾರಲ್ಲಿದೆ, ಯಾರಲ್ಲಿದೆ ಎಂದು ಪಿಸುಮಾತು ಅಂಗಳ ಸುತ್ತಿತು. ಸುತ್ತಿ ಸುತ್ತಿ, ಒಂದೊಂದಾಗಿ ಎಲ್ಲರ ಮುಖವೂ ನನ್ನ ಕಡೆ ತಿರುಗಿತು.

ನಾನು ಎದ್ದು ನಿಂತೆ. ಅಂಗಿ ಸರಿಮಾಡಿಕೊಂಡೆ. ಆ ಗಳಿಗೆಗಾಗಿ ನಾನು ಹನ್ನೊಂದು ವರ್ಷ ಕಾದಿದ್ದೆ.

“ಇದೆ,” ಎಂದೆ.

ಒನೇಲಿಯಾ ಕೂತಲ್ಲಿಂದಲೇ ನನ್ನನ್ನು ನೋಡಿದಳು. ಅವಳು ಹೊಲಿದ ಗೌನು ಅಂಗಳದ ನಡುವೆ ಅಲ್ಲಾಡದೆ ನಿಂತಿತ್ತು. ಇವತ್ತು ಶನಿವಾರ, ಗಡುವಿನ ದಿನ, ಮತ್ತು ಇದು ಅವಳ ಕೆಲಸ. “ಒಂದನೇ ಡ್ರಾಯರು,” ಎಂದಳು. “ಈ ಸಲ ಚೀಟಿ ಓದಿ ತಗೋ.”

ಗಾಳಿಯಲ್ಲಿ ತೇಲಿಕೊಂಡು ಮನೆಗೆ ಹೋದೆ. ಗೆದ್ದೆ! ಬೀರು ಉಳಿಯಿತು, ನನ್ನ ಮಾನ ಉಳಿಯಿತು, ‘ಇಲ್ಲ’ ಎಂಬ ಪದ ಮತ್ತೆ ಬಾಗಿಲಾಚೆ. ನಾಳೆ ರಿಗೋನನ್ನು ಕರೆಸಿ ಎದುರು ನಿಲ್ಲಿಸಿಕೊಂಡು ಎರವಲಿನ ನಿಯಮಗಳನ್ನು ಮೊದಲಿಂದ ಓದಿ ಹೇಳಬೇಕು ಎಂದುಕೊಂಡೆ. ಒಂದನೆಯ ಡ್ರಾಯರು ಎಳೆದೆ. ವಯರು ಅಲ್ಲೇ ಇತ್ತು, ಸುರುಳಿ ಸುತ್ತಿ, ಮಲಗಿದ ಬೆಕ್ಕಿನ ಹಾಗೆ. ಅದರ ಮುಂದೆ, ಎಲ್ಲಕ್ಕಿಂತ ಮೊದಲು, ಒಂದು ಹೊಸ ಚೀಟಿ ನಿಂತಿತ್ತು. ಅಕ್ಷರ ನನ್ನದಲ್ಲ. ಓದಿ ತಗೋ ಎಂದಿದ್ದಳಲ್ಲ, ಕನ್ನಡಕ ಏರಿಸಿ ಓದಿದೆ.

‘1/1. ಬಿಡಿ ಮೋಟಾರು. ಅರವತ್ತೇಳು ವರ್ಷ ಹಳೆಯದು. ಕರೆಂಟು ಬೇಡ, ಹೊತ್ತಿಗೆ ಸರಿಯಾಗಿ ಕಾಫಿ ಕೊಟ್ಟರೆ ಓಡುತ್ತದೆ. ಶಬ್ದ ಜಾಸ್ತಿ. ಓದು ಬರಹ ಬಲ್ಲದು, ಆದರೆ ತಾನು ಬರೆದದ್ದನ್ನು ತಾನು ಓದುವುದಿಲ್ಲ. ಯಾವ ಸಾಕೆಟ್ಟಿನ ಹತ್ತಿರವೂ ಒಂಟಿಯಾಗಿ ಬಿಡಬಾರದು. ಹೊರಗೆ ಎರವಲು ಕೊಡುವುದಿಲ್ಲ. ಎಸೆಯೋಣವೆಂದು ಎಷ್ಟೋ ಸಲ ಅನಿಸಿದೆ. ಬೇಕಾಗಬಹುದು.’